ಕೊಳದ ಮೆಟ್ಟಿಲಲ್ಲಿ ಒಂದು ದಿನ

"ಕೇಳಿರಪ್ಪಾ ಕೇಳಿರಿ! ರಾಜಕುಮಾರಿ ನೀಲಾಂಬಿಕೆಯ ಮೂರು ಒಗಟು ಬಿಡಿಸಿದವನಿಗೆ ಅವಳನ್ನೇ ಕೊಟ್ಟು ಮದುವೆ. ತಪ್ಪಿದವನಿಗೆ ಹುಣ್ಣಿಮೆಯಂದು ತಲೆದಂಡ."

ಡಂಗುರ ಹೊಡೆಸಿದವನು ಅವಳಪ್ಪ. ರಾಜನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಆ ಸಿಟ್ಟಿಗೆ ಬೇಸತ್ತು ರಾಣಿ ಕೊಳದ ಆಚೆ ದಡದ ಮನೆ ಸೇರಿ ಎಷ್ಟೋ ವರ್ಷವಾಗಿತ್ತು. ತಲೆದಂಡ ನೀಲಾಂಬಿಕೆಗೆ ಬೇಡವಾಗಿತ್ತು. ಆದರೆ ಮೂರನೆಯ ಒಗಟಿನ ಉತ್ತರ ಅವಳಿಗೂ ಗೊತ್ತಿರಲಿಲ್ಲ. ಅದು ಬೇಕೇ ಬೇಕಿತ್ತು.

ಮಂಜು ಕವಿದ ಕೊಳದ ಮೆಟ್ಟಿಲ ಮೇಲೆ ಸಭೆ ಕೂತಿತು. ತಾವರೆಗಳಿಗಿನ್ನೂ ಅರೆನಿದ್ದೆ.

"ಹಾರದಲ್ಲಿ ನಾಲ್ಕು ಗಂಟಿಗೊಮ್ಮೆ ಮರುಗ, ಆರು ಗಂಟಿಗೊಮ್ಮೆ ಕನಕಾಂಬರ. ಎರಡೂ ಮೊದಲು ಸೇರುವುದು ಎಷ್ಟನೆಯ ಗಂಟಿನಲ್ಲಿ?" ಎಂದಳು ನೀಲಾಂಬಿಕೆ.

ಮೊದಲ ರಾಜಕುಮಾರ ಗುಣಿಸಿ "ಇಪ್ಪತ್ನಾಲ್ಕು" ಎಂದ. ಅವನನ್ನು ಸೆರೆಗೆ ಕಳಿಸಿದರು. ಎರಡನೆಯವನು ಜಾಣ, ಅರ್ಧ ಮಾಡಿ "ಹನ್ನೆರಡು" ಎಂದ. ಸರಿಯಾಯಿತು.

"ಎಂಟು ಜನ ಉಣ್ಣಲು ಬಂದರೂ, ಹನ್ನೆರಡು ಜನ ಬಂದರೂ ಉಳಿಯದಂತೆ ಸಮನಾಗಿ ಹಂಚಬೇಕು. ಕಡಿಮೆಯೆಂದರೆ ಎಷ್ಟು ಹೋಳಿಗೆ?"

ಮತ್ತೆ ಗುಣಿಸಿ, ಮತ್ತೆ ಅರ್ಧ ಮಾಡಿ "ನಲವತ್ತೆಂಟು" ಎಂದು ಬೀಗಿದ. ಪಾಪ, ಅವನೂ ಸೆರೆಗೆ ಹೋದ.

ಆಗ ಹೂವಾಡಿಗರ ಬೊಮ್ಮ ಬುಟ್ಟಿ ಸಮೇತ ಎದ್ದ. "ಇಪ್ಪತ್ನಾಲ್ಕು ಸಾಕು, ಅಮ್ಮಣ್ಣಿ. ದೊಡ್ಡ ಎಣಿಕೆಯನ್ನೇ ಒಂದು ಪಟ್ಟು, ಎರಡು ಪಟ್ಟು ಎಂದು ಏರಿಸುತ್ತ ಹೋಗಿ, ಚಿಕ್ಕದಕ್ಕೂ ಉಳಿಯದಂತೆ ಒಪ್ಪಿದಲ್ಲಿ ನಿಲ್ಲಬೇಕು. ಹನ್ನೆರಡಕ್ಕೆ ಎಂಟು ಒಪ್ಪಲಿಲ್ಲ, ಇಪ್ಪತ್ನಾಲ್ಕಕ್ಕೆ ಒಪ್ಪಿತು. ಹಾರದಲ್ಲೂ ಅಷ್ಟೇ: ಆರಕ್ಕೆ ನಾಲ್ಕು ಒಪ್ಪಲಿಲ್ಲ, ಹನ್ನೆರಡಕ್ಕೆ ಒಪ್ಪಿತು."

ನೀಲಾಂಬಿಕೆಯ ದನಿ ಸಣ್ಣಗಾಯಿತು. "ಅಪ್ಪಾಜಿ ನಾಲ್ಕು ದಿನಕ್ಕೊಮ್ಮೆ ಈ ಕೊಳಕ್ಕೆ ಬರುತ್ತಾರೆ, ಅವ್ವ ಆರು ದಿನಕ್ಕೊಮ್ಮೆ. ಅಪ್ಪಾಜಿ ಇವತ್ತು ಬಂದಿದ್ದಾರೆ. ಅವ್ವನ ಸರದಿ ನಾಳೆ. ಇಬ್ಬರೂ ಎದುರಾಗುವುದು ಯಾವತ್ತು?"

'ಹನ್ನೆರಡು' ಎಂದು ಸಭೆಯೆಲ್ಲ ಗುಸುಗುಟ್ಟಿತು. ಬೊಮ್ಮ ದಿನಕ್ಕೊಂದು ಮೆಟ್ಟಿಲೆಂದು ಹೂವಿಡುತ್ತ ಇಳಿದ. ರಾಜನಿಗೆ ಮಲ್ಲಿಗೆ, ರಾಣಿಗೆ ದಾಸವಾಳ. ನೀರಿನಂಚು ಬಂದರೂ ಎರಡು ಹೂ ಒಂದೇ ಮೆಟ್ಟಿಲಿಗೆ ಬೀಳಲಿಲ್ಲ.

"ಯಾವತ್ತೂ ಇಲ್ಲ, ಅಮ್ಮಣ್ಣಿ. ನಾಲ್ಕೂ ಆರೂ ಸರಿಸಂಖ್ಯೆ; ಒಬ್ಬರ ಹೂ ಸರಿ ಮೆಟ್ಟಿಲಿಗೆ ಬಿದ್ದರೆ ಇನ್ನೊಬ್ಬರದು ಯಾವಾಗಲೂ ಬೆಸ ಮೆಟ್ಟಿಲಿಗೆ. ನಡುವಿನ ಈ ಒಂದು ದಿನ ನೂರು ವರ್ಷವಾದರೂ ಮುಚ್ಚುವುದಿಲ್ಲ." ನೀಲಾಂಬಿಕೆಯ ಕಣ್ಣು ತುಂಬಿ ಬಂತು. ಬೊಮ್ಮ ಹೇಳಿದ, "ಯಾರಾದರೊಬ್ಬರು ಒಂದು ದಿನ ಕಾದರೆ ಆಯಿತು."

ರಾಜ ಬಹಳ ಹೊತ್ತು ಹೂಗಳನ್ನೇ ನೋಡಿದ. "ಸೆರೆಯಲ್ಲಿರುವವರನ್ನು ಬಿಟ್ಟುಬಿಡಿ. ಮಗಳೇ, ನಿನಗೆ ಒಪ್ಪಿಗೆಯಾದರೆ ಇವನೇ ನನ್ನ ಅಳಿಯ," ಎಂದ. ಅವಳು ಕಣ್ಣೊರೆಸಿಕೊಂಡು, ಬೊಮ್ಮನ ಬುಟ್ಟಿಯಿಂದ ಮಲ್ಲಿಗೆ ತೆಗೆದು ಮುಡಿದಳು. ಸಭೆ ಎದ್ದುಹೋಯಿತು. ರಾಜ ಮಾತ್ರ ಮೆಟ್ಟಿಲು ಬಿಟ್ಟು ಕದಲಲಿಲ್ಲ.

ಮರುದಿನ ಬೆಳಿಗ್ಗೆ ಮಂಜಿನೊಳಗಿಂದ ರಾಣಿ ಬಂದವಳು ತಟ್ಟನೆ ನಿಂತಳು.

"ಇವತ್ತು ನಿಮ್ಮ ಸರದಿಯಲ್ಲವಲ್ಲ?"

"ಗೊತ್ತು," ಎಂದು ರಾಜ ಪಕ್ಕಕ್ಕೆ ಸರಿದು ಜಾಗ ಬಿಟ್ಟ.