ಬಾತುಮರಿಗಳಿಗೆ ಪಟ್ಟೆ ಹಾಸಿಗೆ

ಹುಲಿಕುಂಟೆಯ ಅರಸ ಹಾಲಪ್ಪನಾಯಕನ ಆಸ್ಥಾನದಲ್ಲಿ ಚೌಡರಸನೆಂಬ ಮಾತುಗಾರನಿದ್ದ. ಗೊತ್ತಿಲ್ಲದ ವಿಷಯ ಬಂದರೆ ಅವನಿಗೆ ಮಾತು ಇನ್ನೂ ಚೆನ್ನಾಗಿ ಬರುತ್ತಿತ್ತು. ಈ ಕೆಟ್ಟ ಗುಣ ಅವನಿಗೂ ತಿಳಿದಿತ್ತು. ಆದರೆ ಮಾತಾಡಿ ಮುಗಿಸಿದ ಮೇಲಷ್ಟೇ ಅದು ನೆನಪಾಗುತ್ತಿತ್ತು.

ಒಂದು ಬೆಳಗ್ಗೆ ನೇರಲಕೆರೆಯ ಅರಸ ಸ್ನೇಹದ ಗುರುತಿಗೆ ಒಂದು ಬುಟ್ಟಿ ಬಾತುಮರಿಗಳನ್ನು ಕಳಿಸಿದ. ಆಸ್ಥಾನದಲ್ಲಿ ಬಾತು ಸಾಕಿದವರು ಒಬ್ಬರೂ ಇರಲಿಲ್ಲ.

“ಇವನ್ನು ನೋಡಿಕೊಳ್ಳಲು ಯಾರಿಗೆ ಬರುತ್ತದೆ?” ಎಂದ ಅರಸ.

“ಬಾತುಕೋಳಿ ತಾನೇ ಪ್ರಭು? ನನಗೆ ಬಿಡಿ,” ಎಂದ ಚೌಡರಸ. “ಒಂದು ಮರಿ ಕುಂಟಿದರೂ ನಾನು ಊರು ಬಿಟ್ಟು ಹೋಗುತ್ತೇನೆ.”

“ಒಪ್ಪಿದೆ. ಬರುವ ಹುಣ್ಣಿಮೆಗೆ ನೇರಲಕೆರೆಯವರೇ ನೋಡಲು ಬರುತ್ತಾರೆ. ಕುಂಟಿದರೆ ನೀನು ಗಂಟುಮೂಟೆ ಕಟ್ಟು.”

ಕುಂಟುವ ಮಾತು ತನ್ನ ಬಾಯಿಗೆ ಯಾಕಾದರೂ ಬಂತೋ ಎಂದು ಚೌಡರಸ ಮನಸ್ಸಿನಲ್ಲೇ ಹಣೆ ಚಚ್ಚಿಕೊಂಡ.

ಉಗ್ರಾಣದ ಅಡವಯ್ಯ ಅರಮನೆಯ ರೂಢಿಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡವನು. ಅವನು ಸಭೆಯಲ್ಲೇ ಹೇಳಿದ: “ಮಿತ್ರರಾಜ್ಯದಿಂದ ಬಂದವರಿಗೆ ರೇಷ್ಮೆ ಪಟ್ಟೆಯ ಹಾಸು. ಆಸ್ಥಾನದವರಿಗೆ ಜಮಖಾನ. ತಪ್ಪು ಮಾಡಿದವರಿಗೆ ಮೂಲೆಯಲ್ಲಿ ಭತ್ತದ ಹುಲ್ಲು. ಮರಿಗಳು ಮಿತ್ರರಾಜ್ಯದಿಂದ ಬಂದಿವೆ.”

ಹೀಗೆ ಸಭೆಯಲ್ಲೇ ಬಾತುಮರಿಗಳಿಗೆ ನುಣ್ಣನೆಯ ಪಟ್ಟೆ ಹಾಸಿದರು. ಅವತ್ತೇ ಒಂದು ಮರಿ ಸಿಂಹಾಸನದ ಮೆತ್ತೆ ಹತ್ತಿ ಕೂತಿತು. ಅತಿಥಿ ತಾನಾಗಿ ಕೂತ ಜಾಗದಿಂದ ಎಬ್ಬಿಸುವ ರೂಢಿ ಇಲ್ಲ ಎಂದ ಅಡವಯ್ಯ. ಅದು ಇಳಿಯುವವರೆಗೆ ಅರಸ ನಿಂತೇ ಇದ್ದ.

ಆದರೆ ಪಟ್ಟೆಯ ಮೇಲೆ ಮರಿಗಳಿಗೆ ಕಾಲೂರಲು ಆಗಲಿಲ್ಲ. ಎದ್ದು ನಿಂತರೆ ಸಾಕು, ಕಾಲು ಆಚೆ ಒಂದು ಈಚೆ ಒಂದು ಜಾರುತ್ತಿತ್ತು. ಕೆಲವು ಮರಿಗಳು ನೆಲದ ಮೇಲೂ ಕಾಲು ಅಗಲಿಸಿಯೇ ನಡೆಯತೊಡಗಿದವು. ಚೌಡರಸನಿಗೆ ಮರಿಗಳ ಮೇಲೆ ಕನಿಕರ, ತನ್ನ ಮೇಲೆ ಅದಕ್ಕಿಂತ ಹೆಚ್ಚು ಕನಿಕರ.

ಬಡಗಿಯ ಮನೆಯಿಂದ ಮರದ ಪುಡಿ ತಂದು ಕದ್ದು ಹರಡಿದ. ಮರಿಗಳು ಅದನ್ನು ನುಚ್ಚೆಂದು ತಿಂದು ಕೆಮ್ಮಿದವು. ‘ಭಲೇ ಬಾತುಪಂಡಿತ’ ಎಂದು ತನ್ನನ್ನೇ ಹೊಗಳಿಕೊಳ್ಳುತ್ತಾ ಅಷ್ಟನ್ನೂ ಗುಡಿಸಿದ.

ಮರುದಿನ ಮರಿಗಳನ್ನು ಅಂಗಳಕ್ಕೆ ಬಿಟ್ಟಾಗ, ಗಾಡಿಯಿಂದ ಉದುರಿದ ಭತ್ತದ ಹುಲ್ಲಿನ ಮೇಲೆ ಒಂದು ಮರಿ ಗಟ್ಟಿಯಾಗಿ ನಿಂತಿತ್ತು. ಉಗುರಿಗೆ ಹಿಡಿತ ಸಿಕ್ಕಿತ್ತು, ತಿನ್ನಲು ಪುಡಿ ಇರಲಿಲ್ಲ. ಬೇಕಾದದ್ದು ಹುಲ್ಲು ಎಂದು ಚೌಡರಸನಿಗೆ ಕೊನೆಗೂ ತಿಳಿಯಿತು. ಆದರೆ ಅತಿಥಿಗಳಿಗೆ ಹುಲ್ಲು ಹಾಸಿ ಎಂದರೆ ನೇರಲಕೆರೆಗೆ ಅವಮಾನ. ಅರಸನ ಮುಂದೆ ಆ ಮಾತು ಆಡಲು ಈ ಮಾತುಗಾರನಿಗೆ ನಾಲಿಗೆ ಏಳಲಿಲ್ಲ.

ಅವತ್ತು ಸಂಜೆ ಅರಸ ತಾನೇ ಕಟ್ಟಿದ ಪದ್ಯ ಓದುತ್ತಿದ್ದ. ಎಲ್ಲರೂ ತಲೆದೂಗುತ್ತಿದ್ದಾಗ ಜಮಖಾನದ ಮೇಲಿಂದ ದೊಡ್ಡ ಗೊರಕೆ ಕೇಳಿಸಿತು.

ಅರಸನ ಮುಖ ಕೆಂಪಾಯಿತು. “ಚೌಡರಸ, ನಿದ್ದೆಯೋ?”

“ಕ್ಷಮಿಸಿ ಪ್ರಭು. ಎರಡನೇ ಸಾಲಿನವರೆಗೆ ತಡೆದುಕೊಂಡಿದ್ದೆ.”

“ಹುಣ್ಣಿಮೆಯವರೆಗೆ ಇವನಿಗೆ ಮೂಲೆಯ ಹುಲ್ಲು. ಹಗಲು ರಾತ್ರಿ ಅಲ್ಲೇ ಬಿದ್ದಿರಲಿ.”

ಚೌಡರಸ ತಲೆ ತಗ್ಗಿಸಿ ಮೂಲೆಗೆ ಹೋಗಿ ಹುಲ್ಲಿನ ಮೇಲೆ ಕೂತ. ದಿನವೂ ತಮಗೆ ನುಚ್ಚು ಹಾಕುವವನು ಎದ್ದು ಹೋದದ್ದನ್ನು ಕಂಡ ಮರಿಗಳು ಪಟ್ಟೆಯಿಂದ ಜಾರುತ್ತಾ ಬೀಳುತ್ತಾ ಇಳಿದು, ಅವನ ಹಿಂದೆಯೇ ಹೋಗಿ ಹುಲ್ಲಿನಲ್ಲಿ ಸೇರಿಕೊಂಡವು.

“ಅಡವಯ್ಯ, ಅವನ್ನು ಎತ್ತಿ ಪಟ್ಟೆಗೆ ಹಾಕು,” ಎಂದ ಅರಸ.

ಅಡವಯ್ಯ ಕೈ ಹಿಸುಕಿಕೊಂಡ. “ಅತಿಥಿಗಳು ತಾವಾಗಿ ಕೂತಿದ್ದಾರೆ ಪ್ರಭು. ಎಬ್ಬಿಸುವ ರೂಢಿ ಇಲ್ಲ.”

“ಹಾಗಾದರೆ ಈ ತಲೆಹರಟೆಯನ್ನು ಎಬ್ಬಿಸು.”

“ಇವನು ಎದ್ದರೆ ಅವೂ ಏಳುತ್ತವೆ ಪ್ರಭು. ಎಬ್ಬಿಸಿದ ಹಾಗೇ ಆಯಿತಲ್ಲ.”

ಅರಸ ಹಲ್ಲು ಕಡಿದು ಪದ್ಯ ಮುಂದುವರಿಸಿದ. ಮರಿಗಳು ನೀರು ಚೆಲ್ಲಾಡಿ ಹುಲ್ಲನ್ನು ಒದ್ದೆ ಮಾಡಿದಾಗೆಲ್ಲ ಚೌಡರಸ, “ಅಡವಯ್ಯನವರೇ, ಅತಿಥಿಗಳ ಹಾಸಿಗೆ ಒದ್ದೆ, ಬೂಸಲು ಬಂದೀತು,” ಎಂದು ಕೂಗುವನು. ಅಡವಯ್ಯ ಗೊಣಗುತ್ತಾ ಒಣಹುಲ್ಲು ಹೊತ್ತು ತರುವನು. ಚೌಡರಸನಿಗೆ ಮೈಯೆಲ್ಲ ತುರಿಕೆ, ತಲೆಗೂದಲಲ್ಲಿ ಹುಲ್ಲು. ಅರಮನೆಯ ದನಗಳು ಕಂಡರೆ ತನ್ನನ್ನು ಮೇಯಲು ಬಂದಾವು ಎಂದು ಅವನೇ ನಗುತ್ತಿದ್ದ.

ಹುಣ್ಣಿಮೆಗೆ ನೇರಲಕೆರೆಯ ಅರಸ ಬಂದ. ಬಾತುಮರಿಗಳು ಸಭೆಯ ಉದ್ದಕ್ಕೂ ಸಾಲಾಗಿ ನಡೆದು ಬಂದವು. ಒಂದೂ ಕುಂಟಲಿಲ್ಲ.

“ಎಂಥ ಗಟ್ಟಿ ಕಾಲು,” ಎಂದ ನೇರಲಕೆರೆಯವನು ಬೆರಗಾಗಿ. “ನಾನು ಉಳಿಸಿಕೊಂಡ ಮರಿಗಳು ನಯವಾದ ಚಂದ್ರಕಾಂತ ಕಲ್ಲಿನ ಮೇಲೆ ಬೆಳೆದು ಎಲ್ಲವೂ ಕಾಲು ಸೊಟ್ಟ ಮಾಡಿಕೊಂಡವು. ನೀವು ಏನು ಹಾಸಿದಿರಿ?”

ಹಾಲಪ್ಪನಾಯಕ ಮೂಲೆಯತ್ತ ನೋಡಿದ, ಹುಲ್ಲು ನೋಡಿದ, ಹುಲ್ಲಿನಲ್ಲಿ ಕೂತವನನ್ನು ನೋಡಿದ. ಆ ಗೊರಕೆ ಯಾತಕ್ಕೆ ಬಂತೆಂದು ಅವನಿಗೆ ಆಗ ಹೊಳೆಯಿತು.

“ಹುಲ್ಲು,” ಎಂದ ಗತ್ತಿನಿಂದ. “ನಮ್ಮಲ್ಲಿ ಅದಕ್ಕೆಂದೇ ಒಬ್ಬ ಪಂಡಿತನಿದ್ದಾನೆ.” ಆಮೇಲೆ ನಗು ತಡೆಯಲಾಗದೆ ಚೌಡರಸನನ್ನು ಹತ್ತಿರ ಕರೆದ. “ಸುಳ್ಳು ಗೊರಕೆ ಹೊಡೆದೆಯಲ್ಲ ಕಳ್ಳ.”

“ಶುರುವಿನಲ್ಲಿ ಸುಳ್ಳೇ ಪ್ರಭು. ಪದ್ಯ ಮುಂದುವರಿದಂತೆ ನಿಜವಾಯಿತು.”

ಸಭೆ ನಕ್ಕಿತು, ಅರಸನೂ ನಕ್ಕ. “ಇವತ್ತಿನಿಂದ ನಿನಗೆ ನನ್ನ ಪಕ್ಕದಲ್ಲೇ ಪಟ್ಟೆಯ ಆಸನ. ಆದರೆ ಒಂದು ಮಾತು ಹೇಳು. ಪಟ್ಟೆ ಜಾರುತ್ತದೆ ಎಂದು ನನ್ನ ಮುಂದೆ ನೇರವಾಗಿ ಹೇಳಿದ್ದರೆ ಮುಗಿದುಹೋಗುತ್ತಿತ್ತಲ್ಲ?”

ಚೌಡರಸ ತಲೆಗೂದಲಲ್ಲಿದ್ದ ಹುಲ್ಲುಕಡ್ಡಿ ತೆಗೆದು ಕೈ ಮುಗಿದ.

“ಜಮಖಾನದ ಮೇಲಿದ್ದಾಗಲೇ ನಿಮ್ಮ ಮುಂದೆ ನಿಂತು ನಿಜ ಹೇಳಲು ನನಗೆ ಕಾಲು ನಡುಗುತ್ತಿತ್ತು ಪ್ರಭು. ಇನ್ನು ಪಟ್ಟೆ ಕೊಟ್ಟರೆ ಪೂರ್ತಿ ಜಾರಿಬಿಡುತ್ತೇನೆ. ನನಗೆ ಆ ಹುಲ್ಲೇ ಇರಲಿ.”