ತುದಿಯವೆರಡು ಲೆಕ್ಕಕ್ಕಿಲ್ಲ

ದೇವರು ಬುದ್ಧಿ ಹಂಚುವಾಗ ಗೊರಕೆ ಹೊಡೀತಿದ್ದವನ ಕತೆ ಹೇಳ್ತೀನಿ, ಕೇಳ್ರಿ. ಅವನು ಭರಮ. ಅವನನ್ನು ಹೆತ್ತ ತಪ್ಪಿಗೆ ಹಣೆ ಚಚ್ಚಿಕೊಂಡೇ ಮುದುಕಿಯಾದವಳು ಹೊನ್ನವ್ವ. ಪ್ಲಾಸ್ಟಿಕ್ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಅವಳದು ಅಡುಗೆ ಕೆಲಸ. ತಾಯಿ ಮಗ ಮಲಗೋದು ಅಲ್ಲೇ, ಈರುಳ್ಳಿ ಚೀಲಗಳ ನಡುವೆ. ಮಗನಿಗೆ ಲ್ಯಾಬಿನಲ್ಲಿ ಕೆಲಸ ಖಾಯಂ ಆದರೆ ಕಂಪನಿ ಒಂದು ರೂಮು ಕೊಡ್ತದೆ. ಒಳಗಿನಿಂದ ಚಿಲಕ ಹಾಕಿಕೊಳ್ಳೋಕೆ ಒಂದು ಬಾಗಿಲು, ಅವಳು ಬೇಡಿದ್ದು ಅಷ್ಟೇ.

ಲ್ಯಾಬಿನ ವಿಲಾಸಿನಿ ಮೇಡಂ ಭರಮನ ಕೈಗೆ ಒಂದೆಳೆ ಪ್ಲಾಸ್ಟಿಕ್ ದಾರ ಕೊಟ್ಟರು. "ನೋಡಪ್ಪ, ಪಾಲಿಮರ್ ಅಂದ್ರೆ ಸರಪಳಿ. ಒಂದೇ ಥರದ ಕೊಂಡಿಗಳು, ಕಣ್ಣಿಗೆ ಕಾಣಲ್ಲ. ಸರಪಳಿಯ ತೂಕವನ್ನ ಒಂದು ಕೊಂಡಿಯ ತೂಕದಿಂದ ಭಾಗಿಸಿದ್ರೆ ಎಷ್ಟು ಕೊಂಡಿ ಅಂತ ಗೊತ್ತಾಗ್ತದೆ."

ಒಂದು ಕೊಂಡಿ ಬೇಕಲ್ಲ! ಭರಮ ಕತ್ತರಿ ತಗೊಂಡ. ಕತ್ತರಿಸಿದ, ಕತ್ತರಿಸಿದ, ದಾರ ಹೊಟ್ಟಿನಂಥ ಪುಡಿಯಾಯಿತು. ಆಮೇಲೆ ಸೀನಿದ. ದಾರವೂ ಇಲ್ಲ, ಕೊಂಡಿಯೂ ಇಲ್ಲ.

"ಅಯ್ಯೋ ಮುಠ್ಠಾಳ," ಅಂದಳು ಹೊನ್ನವ್ವ ಸುದ್ದಿ ಕೇಳಿ, "ಅನ್ನ ಬೆಂದಿದೆಯೋ ಅಂತ ಒಂದಗುಳು ಹಿಸುಕಿ ನೋಡಲ್ವಾ? ಒಂದನ್ನ ನೋಡಿದ್ರೆ ಎಲ್ಲಾ ನೋಡಿದ ಹಾಗೆ."

"ಹಾಗೇ ಮಾಡ್ತೀನವ್ವ."

ಮಾಡಿದ. ಸೋಮವಾರ ಊಟಕ್ಕೆ ಎಷ್ಟು ಜನ ಅಂತ ಕೇಳಿಬರೋಕೆ ಅವ್ವ ಕಳಿಸಿದಳು. ಗೇಟಿನಲ್ಲೇ ವಾಚ್‌ಮನ್ ಸಿಕ್ಕಿದ. "ನಂದು ಉಪವಾಸ ಕಣೋ," ಅಂದ. ಭರಮ ಅಲ್ಲಿಂದಲೇ ತಿರುಗಿ ಬಂದ.

"ಯಾರೂ ಉಣ್ಣಲ್ಲವಂತೆ ಅವ್ವ."

ಪಾಪ, ಒಲೆ ಆರಿಸಿದಳು. ಮಧ್ಯಾಹ್ನ ಇಡೀ ಫ್ಯಾಕ್ಟರಿ ಖಾಲಿ ತಟ್ಟೆ ಬಡಿಯಿತು. ಬೈಗುಳ ಉಂಡವಳು ಹೊನ್ನವ್ವ ಒಬ್ಬಳೇ. ಇವನನ್ನ ಕಟ್ಟಿಕೊಂಡು ನಾನೆಲ್ಲಿ ಸಾಯಲಿ ಅಂತ ಈರುಳ್ಳಿ ಹೆಚ್ಚುತ್ತಾ ಅತ್ತಳು. ಈರುಳ್ಳಿಗೆ ಅಂತ ಎಲ್ಲರೂ ಅಂದುಕೊಂಡರು.

ಮೇಡಂ ಮನಸ್ಸು ದೊಡ್ಡದು, ಮತ್ತೆ ಹೇಳಿಕೊಟ್ಟರು. "ಒಂದೂ ಬಿಡದೆ ಎಲ್ಲಾ ಎಣಿಸಬೇಕು ಭರಮ. ತುದಿಯವೆರಡು ಮಾತ್ರ ಬಿಡು. ಸರಪಳಿ ಅಷ್ಟುದ್ದ ಇರುವಾಗ ಅವು ಲೆಕ್ಕಕ್ಕೇ ಬರಲ್ಲ." ಒಂದು ಕೊಂಡಿಯ ತೂಕ ತಾವೇ ಕೊಟ್ಟರು. ನಂಬಿದ್ರೆ ನಂಬಿ, ಬಿಟ್ರೆ ಬಿಡಿ, ಭರಮ ಭಾಗಾಕಾರ ಮಾಡಿದ, ಉತ್ತರ ಸರಿ ಬಂತು! ಮೇಡಂ ಆವತ್ತೇ ಮ್ಯಾನೇಜರಿಗೆ ಶಿಫಾರಸು ಮಾಡಿದರು.

ಹೊನ್ನವ್ವ ಮಗನ ತಲೆಗೆ ಎಣ್ಣೆ ಹಚ್ಚಿ, ಕ್ರಾಪು ತೆಗೆದು, ಮ್ಯಾನೇಜರ ಬಾಗಿಲ ತನಕ ಬಂದಳು. "ನನ್ನ ಮಾತು, ವಾಚ್‌ಮನ್ ಮಾತು ಎಲ್ಲಾ ಮರೆತುಬಿಡು ಮಗನೆ. ಎಷ್ಟು ಅಂತ ಏನೇ ಕೇಳಲಿ, ಮೇಡಂ ಹೇಳಿದ ಹಾಗೇ ಎಣಿಸು. ಒಂದಕ್ಷರ ತಪ್ಪಬೇಡ."

"ತಪ್ಪೋದಿಲ್ಲವ್ವ."

ಮ್ಯಾನೇಜರು ರೂಮಿನ ಬೀಗದಕೈ ಮೇಜಿನ ಮೇಲಿಟ್ಟು ಕೇಳಿದರು, "ಮನೇಲಿ ಎಷ್ಟು ಜನಪ್ಪ?"

ಭರಮ ಕಣ್ಣು ಮುಚ್ಚಿ ಎಣಿಸಿದ. ಈ ತುದಿಗೆ ಅವ್ವ. ಆ ತುದಿಗೆ ತಾನು.

"ಯಾರೂ ಇಲ್ಲ ಸಾರ್."

"ಯಾರೂ ಇಲ್ಲದ ಮನೆಗೆ ರೂಮ್ ಯಾಕಯ್ಯ?" ಬೀಗದಕೈ ಡ್ರಾಯರಿಗೆ ಹೋಯಿತು.

ಹೊರಗೆ ಹೊನ್ನವ್ವ ಎಲ್ಲಾ ಕೇಳಿಸಿಕೊಂಡಿದ್ದಳು. "ನಾನಿಲ್ವೇನೋ, ನಿನ್ನ ಹೆತ್ತವಳು?"

"ನೀನು ತುದಿ ಅವ್ವ," ಅಂದ ಭರಮ. "ಬೇಜಾರು ಮಾಡ್ಕೋಬೇಡ, ನನ್ನನ್ನೂ ಬಿಟ್ಟೆ."

ಅವಳು ಬೈಯಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಕ್ಯಾಂಟೀನಿಗೆ ಹೋಗಿ, ಇಬ್ಬರಿಗೂ ಹಾಸಿಗೆಯಾಗೋ ಹಾಗೆ ಈರುಳ್ಳಿ ಚೀಲ ಸರಿಸಿದಳು.