ಕುದುರೆ ನಿಂತ ದಿಬ್ಬ

ಕರಡಿಗೊಂದಿಯ ಕೆರೆ ಏರಿಯನ್ನು ದಾಟಿ ಮೂಡಲಿಗೆ ನಡೆದರೆ ಒಂದು ಸಣ್ಣ ದಿಬ್ಬ ಸಿಗುತ್ತದೆ. ಅದರ ಬುಡದಲ್ಲಿ, ಬಿದ್ದುಹೋದ ಲಾಯದ ಅಡಿಪಾಯದ ಪಕ್ಕ, ಒಂದೇ ಬಂಡೆಯಲ್ಲಿ ಕಡೆದ ಉದ್ದನೆಯ ಕಲ್ಲುಬಾನಿ ಇದೆ. ಪಟ್ಟಣದಿಂದ ಬರುವವರು ಇದನ್ನು ರಾಣಿಯ ಸ್ನಾನದ ತೊಟ್ಟಿಯೆಂದು ತಾವೇ ತೀರ್ಮಾನಿಸಿ, ಒಳಗೆ ಕೂತು ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಇಲ್ಲಿ ಯಾವ ರಾಣಿಯೂ ಸ್ನಾನ ಮಾಡಲಿಲ್ಲ. ಕುದುರೆಗಳು ಹುರುಳಿ ತಿಂದವು. ದಿಬ್ಬದ ಹೆಸರು ಕೇಳಿ ಕಲ್ಲಿನ ಕುದುರೆಗಾಗಿ ಹುಡುಕುವವರೂ ಇದ್ದಾರೆ. ಅಂಥದ್ದೂ ಇಲ್ಲ. ಆ ಹೆಸರಿನ ಹಿಂದೆ ಇರುವುದು ಒಬ್ಬ ಅಕ್ಕ, ಅವಳು ಸಾಕಿದ ಕುದುರೆಗಳು, ಮತ್ತು ಅವಳ ಮಾತು ಮೀರಿದ ತಮ್ಮ.

ಹಿಂದೆ ಒಮ್ಮೆ, ಇಲ್ಲಿ ಪಾಳೆಗಾರರು ಆಳುತ್ತಿದ್ದ ಕಾಲದಲ್ಲಿ, ಲಾಯ ನೋಡಿಕೊಳ್ಳುವ ಮನೆಯಲ್ಲಿ ಬೋರಕ್ಕ ಎಂಬವಳು ಹುಟ್ಟಿದಳು. ತಾಯಿ ತೀರಿಕೊಂಡಾಗ ತಮ್ಮ ಪಾಲಯ್ಯ ಇನ್ನೂ ಅಂಬೆಗಾಲಿಡುವ ಕೂಸು. ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಅವಳು ಕುದುರೆಗಳ ಮೈ ಉಜ್ಜಿದಳು, ಗೊರಸಿಗೆ ಸಿಕ್ಕ ಕಲ್ಲು ತೆಗೆದಳು, ತಬ್ಬಲಿ ಮರಿಗಳಿಗೆ ಬಟ್ಟೆಯ ಬತ್ತಿಯಲ್ಲಿ ಹಾಲು ಕುಡಿಸಿದಳು. ತಮ್ಮ ಹಸಿದು ಅತ್ತರೆ, "ನೀನು ಬಾಯಿಬಿಟ್ಟು ಕೇಳ್ತೀಯ ಕಣಪ್ಪ, ಅದು ಯಾರನ್ನ ಕೇಳಬೇಕು? ಅದರದ್ದಾಗ್ಲಿ, ಆಮೇಲೆ ನಿಂದು" ಎನ್ನುತ್ತಿದ್ದಳಂತೆ. ಮದುವೆಯ ಮಾತು ಬಂದಾಗ, ಗಂಡಿನ ಊರಲ್ಲಿ ಕುದುರೆಗಳಿವೆಯೇ ಎಂದಷ್ಟೇ ಕೇಳಿದಳು. ಇಲ್ಲವೆಂದಾಗ ಎದ್ದು ಒಳಗೆ ಹೋದಳು. ಊರವರು ಬಾಯಿಗೆ ಬಂದಂತೆ ಆಡಿಕೊಂಡರು, ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಕೂದಲು ನರೆತ ಮೇಲೂ, ಸಂಜೆ ಅವಳು ಹುರುಳಿ ಅಳೆಯುವ ಸೇರಿನಿಂದ ಬಾನಿಯ ಅಂಚನ್ನು ಬಡಿದರೆ ಗುಡ್ಡದಲ್ಲಿ ಮೇಯುತ್ತಿದ್ದ ಕುದುರೆಗಳೆಲ್ಲ ಇಳಿದು ಬರುತ್ತಿದ್ದವು. ಅಕ್ಕ ತಮ್ಮ ಇಬ್ಬರ ಬಡಿತ ಬಿಟ್ಟು ಬೇರೆಯವರದಕ್ಕೆ ಅವು ಕಿವಿಗೊಡುತ್ತಿರಲಿಲ್ಲ.

ಬಡಗಣ ದೊರೆಯೊಬ್ಬ ಪಾಳೆಗಾರನನ್ನು ಸೋಲಿಸಿ ಲಾಯದ ಕುದುರೆಗಳನ್ನೆಲ್ಲ ಕೊಡಬೇಕೆಂದ. ಹಿಂದಿನ ಯುದ್ಧಕ್ಕೆ ಹೋದವುಗಳಲ್ಲಿ ಒಂದೂ ತಿರುಗಿ ಬಂದಿರಲಿಲ್ಲ. ಬೋರಕ್ಕ ಲಾಯದ ಬಾಗಿಲು ತೆಗೆದು ಎಲ್ಲವನ್ನೂ ಗುಡ್ಡಕ್ಕೆ ಅಟ್ಟಿಬಿಟ್ಟಳು. ದೊರೆಯ ದಳವಾಯಿ ಬಂದು, ಕರೆ ಎಂದ. ಅವಳು ಸೇರನ್ನು ಮುಟ್ಟಲಿಲ್ಲ. ಸೈನಿಕರು ತಾವೇ ಬಡಿದು ನೋಡಿದರು, ಒಂದೂ ಬರಲಿಲ್ಲ. ಕೊನೆಗೆ ಆ ಮುದುಕಿಯನ್ನು ಬಾನಿಯ ಪಕ್ಕ ಬಿಸಿಲಲ್ಲಿ ನಿಲ್ಲಿಸಿದರು. ತಮ್ಮನಿಗೂ ಆ ಬಡಿತ ಗೊತ್ತೆಂದು ಊರಲ್ಲಿ ಯಾರೂ ಬಾಯಿಬಿಡಲಿಲ್ಲ. ಅವಳು ಕುಸಿದು ಬಿದ್ದಾಗ ತಮ್ಮನ ತೊಡೆಯ ಮೇಲೆ ತಲೆಯಿಟ್ಟು, "ನಾನು ಸತ್ತರೂ ಬಾನಿ ಬಡೀಬ್ಯಾಡ ಪಾಲ" ಎಂದು ಹೇಳಿ ಪ್ರಾಣ ಬಿಟ್ಟಳು.

ಆದರೆ ಲಾಯದ ಮನೆಯವರು ಸತ್ತರೆ ಅವರ ಅಂಗೈಯಲ್ಲಿ ನೆನೆಸಿದ ಹುರುಳಿ ಇಟ್ಟು, ಕುದುರೆಗಳು ಅದನ್ನು ತಿಂದ ಮೇಲೆಯೇ ಮಣ್ಣು ಮಾಡುವುದು ಆ ಕುಲದ ಪದ್ಧತಿ. ಜೀವಮಾನವೆಲ್ಲ ಕೈಯಾರೆ ತಿನ್ನಿಸಿದವಳನ್ನು ಅದಿಲ್ಲದೆ ಕಳಿಸಲು ಪಾಲಯ್ಯನಿಗೆ ಮನಸ್ಸು ಬರಲಿಲ್ಲ. ಅವನು ದಳವಾಯಿಯ ಕಾಲಿಗೆ ಬಿದ್ದು, "ಮಣ್ಣು ಮುಚ್ಚೋವರೆಗೂ ಅವನ್ನ ಮುಟ್ಟಬ್ಯಾಡ್ರಿ ಬುದ್ಧಿ" ಎಂದು ಬೇಡಿದ. ದಳವಾಯಿ ಕತ್ತಿ ಮುಟ್ಟಿ ಮಾತು ಕೊಟ್ಟ. ಹುರುಳಿ ತಿಂದೊಡನೆ ಅಟ್ಟಿದರೆ, ಗುಂಡಿ ತುಂಬುವಷ್ಟರಲ್ಲಿ ಅವು ಗುಡ್ಡ ಸೇರುತ್ತವೆ ಎಂದು ಪಾಲಯ್ಯನ ಲೆಕ್ಕಾಚಾರ. ಅವನು ಬಾನಿ ಬಡಿದ. ಕುದುರೆಗಳು ಬಂದವು, ಒಂದೊಂದಾಗಿ ಅವಳ ಕೈಗೆ ಬಾಯಿ ಹಚ್ಚಿದವು. ಹೆಣ ದಿಬ್ಬವೇರಿದಾಗ ಹಿಂದೆಯೇ ನಡೆದು ಗುಂಡಿಯ ಸುತ್ತ ನಿಂತವು. ಪಾಲಯ್ಯ ಓಡಿ ಓಡಿ ಎಂದು ಕೂಗಿದ, ಹೆಂಟೆ ಎಸೆದ, ಅಕ್ಕ ಒಂದು ದಿನವೂ ಹೊಡೆಯದ ಕುದುರೆಗಳನ್ನು ಬಾರುಕೋಲಿನಿಂದ ಬಡಿದ. ಅವು ಕದಲಲಿಲ್ಲ. ಮಣ್ಣೆಳೆಯುವವರಿಗೆ, ನಿಧಾನ ಮಾಡ್ರಪ್ಪ ಎಂದು ಕೈಮುಗಿದ. ಎಷ್ಟು ನಿಧಾನ ಮಾಡಿದರೂ ಗುಂಡಿ ತುಂಬಿತು. ಕೊನೆಯ ಹಿಡಿ ಮಣ್ಣು ಬಿದ್ದ ಮೇಲೆಯೇ ದಳವಾಯಿ ಹಗ್ಗ ತರಿಸಿದ; ಪುಣ್ಯಾತ್ಮ, ಮಾತಿಗೆ ತಪ್ಪಲಿಲ್ಲ. ನಿಂತಲ್ಲೇ ನಿಂತಿದ್ದ ಕುದುರೆಗಳ ಕೊರಳಿಗೆ ಹಗ್ಗ ಹಾಕುವುದು ಸೈನಿಕರಿಗೆ ಕಷ್ಟವಾಗಲಿಲ್ಲ. ಅವುಗಳಲ್ಲಿ ಒಂದೂ ಮರಳಿ ಬರಲಿಲ್ಲ.

ಪಾಲಯ್ಯ ಆಮೇಲೆ ಬಹುಕಾಲ ಬದುಕಿದ, ಅದೇ ಅವನ ಶಿಕ್ಷೆಯಾಯಿತು ಎನ್ನುತ್ತಾರೆ. ಸದಾ ದಿಬ್ಬದ ಮೇಲೆಯೇ ಇರುತ್ತಿದ್ದ. ಆಡು ಬರಲಿ, ದನ ಬರಲಿ, "ಇಲ್ಲಿ ನಿಲ್ಲಬ್ಯಾಡ, ಓಡು" ಎಂದು ಅಟ್ಟಿಸಿಕೊಂಡು ಹೋಗುತ್ತಿದ್ದ. ಅವನು ಸತ್ತಾಗ ಊರಲ್ಲಿ ಒಂದು ಕುದುರೆಯೂ ಇರಲಿಲ್ಲ. ಹುರುಳಿ ಹಿಡಿದ ಮುಷ್ಟಿಯೊಂದಿಗೇ ಅವನನ್ನು ಅಕ್ಕನ ಪಕ್ಕ ಮಣ್ಣು ಮಾಡಿದರು. ಇಂದಿಗೂ ಕುರಿ ಕಾಯುವವರು ಹಿಂಡನ್ನು ಆ ದಿಬ್ಬದ ಮೇಲೆ ನಿಲ್ಲಗೊಡುವುದಿಲ್ಲ, ಕೂಗಿ ಕೆಳಗೆ ಓಡಿಸುತ್ತಾರೆ. ಸುತ್ತಲಿನ ನೆಲವೆಲ್ಲ ಬೋಳಾಗಿರುವ ಬೇಸಗೆಯಲ್ಲಿ ಹೋದವರಿಗೂ ಅಲ್ಲಿ ಮೊಣಕಾಲೆತ್ತರದ ಹುಲ್ಲು ಕಾಣುತ್ತದೆ. ಯಾವುದೂ ಮೇಯದೆ, ಅದು ನಿಂತಲ್ಲೇ ಒಣಗುತ್ತದೆ.